ತಿಳಿನೀರಿನ ಹೊಂಡ

ಒಂದು ಊರಿನ ಕೊಳಚೆ ನೀರು ಶುದ್ಧೀಕರಣ ಘಟಕ ದಾಟಿದ ಮೇಲೆ ಎರಡು ಪಾತಿಗಳಲ್ಲಿ ಮತ್ತೆ ಸೋಸಿಕೊಂಡು ಇಳಿಯುತ್ತಿತ್ತು. ಒಂದು ಪಾತಿ ಬರೀ ಮರಳಿನದು, ಇನ್ನೊಂದು ಮಣ್ಣಿನದು. ಒಂದೊಂದರ ಕೆಳಗೂ ಒಂದೊಂದು ಹೊಂಡ.

ಮೊಟ್ಟೆಯಿಡಲು ಜಾಗ ಹುಡುಕುತ್ತ ಒಂದು ಕಪ್ಪೆ ಅಲ್ಲಿಗೆ ಬಂತು.

"ಬಾರಮ್ಮ," ಎಂದು ಮರಳು ಕರೆಯಿತು. "ನನ್ನ ಹೊಂಡದ ತಳ ಕಾಣುತ್ತದೆ, ನೋಡು. ಆ ಮಣ್ಣಪ್ಪನನ್ನು ನಂಬಿದರೆ, ಅವನ ಹೊಂಡ ತುಂಬುವಷ್ಟರಲ್ಲಿ ನಿನಗೆ ಮುಪ್ಪು ಬಂದಿರುತ್ತದೆ."

ಮಣ್ಣಿನ ಹೊಂಡಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಬಣ್ಣವೂ ಕೊಂಚ ಕಂದು. ಕಪ್ಪೆ ಮರಳಿನ ಹೊಂಡದಲ್ಲೇ ಮೊಟ್ಟೆಯಿಟ್ಟಿತು.

ಕೆಲವೇ ದಿನಗಳಲ್ಲಿ ಆ ಹೊಂಡ ಪಾಚಿಯಿಂದ ಹಸಿರುಗಟ್ಟಿತು. ಪಾಚಿ ಕೊಳೆತು, ಮೊಟ್ಟೆಯೊಡೆದು ಬಂದ ಮರಿಗಳೆಲ್ಲ ಉಸಿರಾಡಲಾಗದೆ ಸತ್ತವು.

"ತಿಳಿನೀರು ತೋರಿಸಿ ಕರೆದೆಯಲ್ಲ!" ಎಂದಿತು ಕಪ್ಪೆ.

"ತಿಳಿಯಾಗಿಯೇ ಇತ್ತು. ಕಣ್ಣಿಗೆ ಕಾಣುವ ಕಸವನ್ನೆಲ್ಲ ಹಿಡಿದಿದ್ದೇನೆ," ಎಂದಿತು ಮರಳು. "ನೀರಿನಲ್ಲಿ ಕರಗಿದ ಗೊಬ್ಬರದ ಸಾರ ನನ್ನ ಕೈಗೆ ಸಿಗುವುದಿಲ್ಲ. ಪಾಚಿಗೆ ಅದೇ ಊಟ. ಆ ಸಾರದ ಬಗ್ಗೆ ನೀನು ಕೇಳಲೂ ಇಲ್ಲವಲ್ಲ."

ಮುಂದಿನ ಮಳೆಗಾಲದಲ್ಲಿ ಕಪ್ಪೆ ಮೊಟ್ಟೆ ತುಂಬಿದ ಹೊಟ್ಟೆ ಹೊತ್ತು ಮಣ್ಣಿನ ಬಳಿಗೆ ಬಂತು.

"ಆ ಸಾರವನ್ನು ನೀನು ಹಿಡಿಯುತ್ತೀಯಾ?"

"ಹಿಡಿಯುತ್ತೇನೆ ತಾಯಿ, ಅದಕ್ಕೇ ನನ್ನ ಕೆಲಸ ನಿಧಾನ," ಎಂದಿತು ಮಣ್ಣು. "ಇಳಿ, ಮೊಟ್ಟೆಯಿಡು."

ಕಪ್ಪೆ ಇಳಿಯಲಿಲ್ಲ. ಭಾರವಾದ ಹೊಟ್ಟೆಯನ್ನು ದಂಡೆಗೆ ಆನಿಸಿ, ನೀರು ಹಸಿರಾಗುವುದೇ ಎಂದು ಎಂಟು ದಿನ ನೋಡುತ್ತ ಕುಳಿತಿತು. ಒಂಬತ್ತನೆಯ ದಿನ ನೀರಿಗೆ ಇಳಿಯಿತು.