ಗೋಡೆಯಿಂದ ಬಂದ ಶ್ರುತಿ

ಹೊಳೆದಂಡೆಯ ಮೇಲೆ ಗುರುಪಾದಜ್ಜನ ಮಠ. ಅಲ್ಲಿ ಹಾಡುವುದೇ ಪೂಜೆ. ಆ ಮಠದಲ್ಲಿ ಇಂದುಧರ ಎಂಬ ಶಿಷ್ಯ ಬಾಸ್ ಎಂಬ ಮಂದ್ರದನಿಯ ವಾದ್ಯ ನುಡಿಸುತ್ತಿದ್ದ.

ಅದೆಂಥ ಬಾಸ್ ಅಂತೀರಿ! ಆಳೆತ್ತರ, ನಾಲ್ಕು ದಪ್ಪ ತಂತಿ, ಹೊಟ್ಟೆ ಮಾತ್ರ ಇಲ್ಲ. ಬರೀ ಕಟ್ಟಿಗೆಯ ಕಂಬ. ಹೊಟ್ಟೆಯೇ ಇಲ್ಲದ ಮೇಲೆ ದನಿ ಎಲ್ಲಿಂದ ಬರಬೇಕು? ಅದಕ್ಕೇ ಒಳಗೊಂದು ಪುಟ್ಟ ಡಬ್ಬಿ ಇತ್ತು, ಪ್ರಿಆಂಪ್ ಅಂತ. ತಂತಿಯ ಪಿಸುಮಾತನ್ನು ಎತ್ತಿ ಸ್ಪೀಕರಿಗೆ ಮುಟ್ಟಿಸುವುದು ಅದರ ಕೆಲಸ. ಬ್ಯಾಟರಿಯೇ ಅದರ ಊಟ.

ಹಾಡುತ್ತಿದ್ದವಳು ಕಾಶೀಬಾಯಿ. ಇಂದುಧರನಿಗೆ ಮೊದಲ ಸ್ವರ ಕಲಿಸಿದವಳೂ ಆಕೆಯೇ. ದಿನಾ ಬೆಳಿಗ್ಗೆ ಆಕೆ ಬಂದು ಕೂತು ಒಮ್ಮೆ "ಸಾ" ಎಂದು ಎಳೆಯುವಳು. ಆ ದನಿಗೆ ಇಂದುಧರ ತಂಬೂರಿ ಕೂಡಿಸಿ, ಆಮೇಲೆ ಬಾಸಿನ ತಂತಿ ಬಿಗಿಯುವನು. ಬ್ಯಾಟರಿ ಉಳಿಯಲಿ ಅಂತ ಕಡೇ ಗಳಿಗೆಗೆ ಸ್ವಿಚ್ ಹಾಕುವನು.

ಒಂದು ಬೆಳಿಗ್ಗೆ ನಡುಹಾಡಿನಲ್ಲಿ ಬ್ಯಾಟರಿ ಸತ್ತಿತು. ಬಾಸ್ ಮೂಕಾಯಿತು. ಕೂತವರು ತಿರುಗಿ ತಿರುಗಿ ನೋಡಿದರು. ಇಂದುಧರನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅಜ್ಜಾರ, ಬ್ಯಾಟರಿ ಇಲ್ಲದ ಈ ಡಬ್ಬಿ ನಡಸೂದು ಹ್ಯಾಂಗ್ರೀ?"

"ಹುಡುಕು," ಎಂದ ಗುರುಪಾದಜ್ಜ. "ಸಿಕ್ಕ ಮ್ಯಾಲ, ಊಟದ ಜೋಡಿ ಮತ್ತೇನು ಬಂತು ಅನ್ನೂದನ್ನೂ ನೋಡು."

ಎರಡನೇ ಮಾತು ಇಂದುಧರನ ಕಿವಿಗೇ ಬೀಳಲಿಲ್ಲ. ಹುಡುಕು ಅಂದದ್ದೇ ತಡ, ಹಳೇ ಅಡಾಪ್ಟರೊಂದನ್ನು ಬಿಚ್ಚಿ, ಕತ್ತರಿಸಿ, ಬೆಸೆದು, ಗೋಡೆಯ ಪ್ಲಗ್ಗಿನಿಂದ ಡಬ್ಬಿಗೆ ವೈರು ಎಳೆದುಬಿಟ್ಟ. ಬಾಸ್ ಗುಡುಗಿತು. ಇನ್ನು ಬ್ಯಾಟರಿಯ ಹಂಗಿಲ್ಲ! ಕುಣಿಯುವುದೊಂದು ಬಾಕಿ.

ಅಂದಿನಿಂದ ಅವನು ಮಠಕ್ಕೆ ಎಲ್ಲರಿಗಿಂತ ಮೊದಲು ಬರತೊಡಗಿದ. ಬಂದವನೇ ಸ್ವಿಚ್ ಹಾಕುವನು, ತಂಬೂರಿ ಕೂಡಿಸುವನು, ಬಾಸ್ ಬಿಗಿಯುವನು. ಕಾಶೀಬಾಯಿ ಬರುವ ಹೊತ್ತಿಗೆ ಎಲ್ಲ ಸಿದ್ಧ. ಆಕೆ ಕೂತವಳೇ ಹಾಡು ಎತ್ತಿಕೊಳ್ಳುವಳು. ಎಷ್ಟು ಹೊತ್ತು ಉಳಿಯಿತಲ್ಲ ಅಂತ ಇಂದುಧರ ಬೀಗಿದ.

ಗುರುಪಾದಜ್ಜ ಒಂದು ದಿನ ಕಣ್ಣು ಮುಚ್ಚಿ ಕೇಳುತ್ತಿದ್ದವನು ಹಾಡು ಮುಗಿದ ಮೇಲೆ ಕೇಳಿದ:

"ಬಾಸ್ ಎಷ್ಟು ಮಂದಿ ನುಡಿಸಾಕತ್ತೀರೋ?"

"ನಾ ಒಬ್ಬನ ರೀ ಅಜ್ಜಾರ."

"ಮತ್ತ ಆ ಇನ್ನೊಬ್ಬ ಯಾರು?"

ಇಂದುಧರ ಹಿಂದೆ ನೋಡಿದ, ಮುಂದೆ ನೋಡಿದ. ಯಾರೂ ಇಲ್ಲ. ಅಜ್ಜನಿಗೆ ವಯಸ್ಸಾಯಿತು ಅಂದುಕೊಂಡ. ಆದರೂ ಆ ಪ್ರಶ್ನೆ ಹಲ್ಲಿಗೆ ಸಿಕ್ಕ ಅಡಿಕೆಚೂರಿನ ಹಾಗೆ ಕಾಡತೊಡಗಿತು. ಸ್ಪೀಕರಿನ ಹಿಂದೆ ಹುಡುಕಿದ. ಡಬ್ಬಿ ಬಿಚ್ಚಿ ನೋಡಿದ. ಇನ್ನೊಬ್ಬ ಸಿಗಲೇ ಇಲ್ಲ.

ಈ ನಡುವೆ ಕಾಶೀಬಾಯಿಯ ದನಿ ಒಡೆಯತೊಡಗಿತು. ಮೇಲಿನ ಸ್ವರಕ್ಕೆ ಹೋದಾಗ ಕೆಮ್ಮು, ಹಾಡು ಮುಗಿದರೆ ಗಂಟಲು ನೋವು. ಕಡೆಗೊಂದು ದಿನ ಆಕೆ ಅಜ್ಜನ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನನ್ನ ಗಂಟಲು ಮುಗೀತ್ರೀ ಅಜ್ಜಾರ. ಹಾಡೂದು ಬಿಡ್ತೀನಿ. ನಾಳಿಂದ ಬ್ಯಾರೇದವರು ಕೂಡ್ಲಿ."

ಇಂದುಧರ ಬಾಸ್ ಬಿಟ್ಟು ಎದ್ದು ನಿಂತ. ಈ ಅವ್ವ ಹಾಡದ ಮಠದಲ್ಲಿ ತಾನು ಯಾರಿಗೆ ನುಡಿಸಬೇಕು?

ಗುರುಪಾದಜ್ಜ ಎದ್ದು ಹೋಗಿ ಗೋಡೆಯ ಪ್ಲಗ್ ಕಿತ್ತ.

ಏನೋ ನಿಂತುಹೋಯಿತು. ಏನು ನಿಂತಿತು? ಯಾರೂ ಹಾಡುತ್ತಿರಲಿಲ್ಲ, ಯಾರೂ ನುಡಿಸುತ್ತಿರಲಿಲ್ಲ. ಆದರೂ ಸಭಾಮಂಟಪ ಇದ್ದಕ್ಕಿದ್ದಂತೆ ಬರಿದಾಯಿತು.

ಅಜ್ಜ ಪ್ಲಗ್ ಮತ್ತೆ ತುರುಕಿದ. ಗುಂಯ್. ಕಿತ್ತ. ನಿಶ್ಶಬ್ದ. ತುರುಕಿದ. ಗುಂಯ್.

"ಅಯ್ಯೋ," ಎಂದ ಇಂದುಧರ. "ಕರೆಂಟಿನ ಸದ್ದು! ತಂಬೂರಿ ದನಿಯಾಗ ಕೂಡಿಬಿಟ್ಟಿತ್ರೀ. ಅದಕ್ಕ ಗೊತ್ತಾಗ್ಲಿಲ್ಲ."

"ಅದು ತಂಬೂರಿಯಾಗ ಕೂಡಿತ್ತೋ, ತಂಬೂರಿ ಅದರಾಗ ಕೂಡಿತ್ತೋ?"

ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅಜ್ಜ ಕಾಶೀಬಾಯಿಯತ್ತ ತಿರುಗಿದ. "ಅವ್ವಾ, ಯಾವ ದನೀನೂ ಕೇಳಬ್ಯಾಡ. ನಿನ್ನ ಸಾ ನೀನ ಹಚ್ಚು."

ಆಕೆ ಕಣ್ಣು ಮುಚ್ಚಿ ಹಚ್ಚಿದಳು. ಮೊದಲಿನದೇ ದನಿ, ತುಂಬು ದನಿ. ಒಂದು ಬಿರುಕೂ ಇಲ್ಲ.

ಇಂದುಧರ ತಂಬೂರಿ ಮೀಟಿದ. ಕರ್ಕಶವಾಯಿತು. ತಂಬೂರಿ ಆಕೆಗಿಂತ ಪೂರಾ ಒಂದು ಮನೆ ಮೇಲಿತ್ತು. ಹಾರ್ಮೋನಿಯಂ ಲೆಕ್ಕದಲ್ಲಿ ಆಕೆಯದು ಕರಿ ಮೂರು, ಗೋಡೆಯದು ಅದರ ಪಕ್ಕದ ಬಿಳಿ ಐದು. ದಿನಾ ಬೆಳಿಗ್ಗೆ ತನಗೇ ತಿಳಿಯದೆ ಅವನು ಗೋಡೆಯ ಸದ್ದಿಗೆ ತಂತಿ ಬಿಗಿದಿದ್ದ. ಆಕೆ ಪಾಪ, ಶಿಷ್ಯ ಕೂಡಿಸಿಟ್ಟದ್ದು ಸರಿಯೇ ಇದ್ದೀತು ಅಂತ ಅಲ್ಲಿಗೇ ಹತ್ತಿ ಹಾಡಿದ್ದಳು.

ಇಂದುಧರನಿಗೆ ಅಳು ಬಂತು. ಮುಚ್ಚಿಡಲಿಲ್ಲ, ಅತ್ತ.

"ನಾ ಬ್ಯಾಟರಿಗೇ ಹೊಳ್ಳಿ ಹೋಗ್ತೀನ್ರೀ ಅಜ್ಜಾರ."

"ಯಾಕ? ಅವ್ವನ ಮೈಕಿಗೂ ಕರೆಂಟ್ ಬೇಕು. ಅದಕ್ಕ ಬ್ಯಾಟರಿ ಎಲ್ಲೈತಿ?"

ಇಂದುಧರ ಮೈಕು ತಿರುಗಿಸಿ ನೋಡಿದ. ಬ್ಯಾಟರಿ ಇಲ್ಲ. ಗೋಡೆಗೆ ಹೋಗುವ ವೈರೂ ಇಲ್ಲ. ಇರುವುದು ಒಂದೇ ವೈರು, ಅದು ದನಿಗಳನ್ನು ಕೂಡಿಸಿ ಸ್ಪೀಕರಿಗೆ ಕಳಿಸುವ ಮಿಕ್ಸರ್ ಪೆಟ್ಟಿಗೆಗೆ ಹೋಗುತ್ತಿತ್ತು.

"ದನಿ ಹೋಗೂದೂ ಇದರಾಗ," ಎಂದ ಅವನು ಮೆಲ್ಲಗೆ. "ಹಂಗಾರ ಕರೆಂಟು ಬರೂದೂ ಇದರಾಗನ?"

"ನನಗೇನ್ ಗೊತ್ತು? ಹುಡುಕು."

ಈ ಸಲ ಪುರುಸೊತ್ತಿನಿಂದ ಹುಡುಕಿದ. ಮಿಕ್ಸರ್ ಪೆಟ್ಟಿಗೆಯೂ ಗೋಡೆಯ ಕರೆಂಟನ್ನೇ ತಿನ್ನುತ್ತಿತ್ತು, ಆದರೆ ಸೋಸಿ, ಸದ್ದು ತೆಗೆದು ಕೊಡುತ್ತಿತ್ತು. ಆ ಕರೆಂಟು ಡಬ್ಬಿಗೆ ಜಾಸ್ತಿಯಾಗದಂತೆ ನಡುವೆ ಸಣ್ಣದೊಂದು ಸರ್ಕ್ಯೂಟ್ ಪಟ್ಟಿ ಬೆಸೆದ. ಒಂದೇ ವೈರಿನಲ್ಲಿ ಬಾಸಿನ ದನಿ ಆ ಕಡೆ ಹೋಯಿತು, ಡಬ್ಬಿಯ ಊಟ ಈ ಕಡೆ ಬಂತು. ನುಡಿಸುವುದನ್ನು ನಿಲ್ಲಿಸಿ ಕಿವಿಯಿಟ್ಟ. ಗುಂಯ್ ಇಲ್ಲ. ಹೊರಗೆ ಹೊಳೆ ಹರಿಯುವುದು ಕೇಳಿಸಿತು.

ಮರುದಿನ ಬೆಳಿಗ್ಗೆ ಮಂಟಪ ತುಂಬಿತ್ತು. ಕಾಶೀಬಾಯಿ ಬಂದಳು. ಆದರೆ ಮೈಕಿನ ಮುಂದೆ ಕೂರದೆ, ಕಂಬದ ಮರೆಯಲ್ಲಿ ಕೂತಳು. ಆಕೆಗೆ ಇನ್ನೂ ಅಂಜಿಕೆ.

ಇಂದುಧರ ತಂಬೂರಿ ಎತ್ತಿಕೊಂಡು ಅಲ್ಲಿಗೇ ಹೋಗಿ ಆಕೆಯ ಮುಂದೆ ಮಂಡಿಯೂರಿದ.

"ಅವ್ವಾ, ಶ್ರುತಿ ಕೊಡು."

"ಗಂಟಲು ಕೈ ಕೊಟ್ರ ಏನ್ ಮಾಡ್ಲೋ ತಮ್ಮಾ?"

"ಕೈ ಕೊಟ್ಟಿದ್ದು ನಾನವ್ವಾ, ನಿನ್ನ ಗಂಟಲಲ್ಲ. ಎಲ್ಲಿ ಹಚ್ಚತಿ ಹಚ್ಚು. ನಾ ಅಲ್ಲಿಗೇ ಬರ್ತೀನಿ."

ಆಕೆ ಅವನ ಮುಖ ನೋಡಿದಳು. ಆಮೇಲೆ "ಸಾ" ಎಂದಳು.

ಇಂದುಧರ ತಂಬೂರಿಯ ಬಿರಡೆ ಸಡಿಲಿಸತೊಡಗಿದ. ಒಮ್ಮೆ ಹೆಚ್ಚು ಇಳಿಯಿತು, ಒಮ್ಮೆ ಸಾಲದಾಯಿತು. ಆಕೆ ಮತ್ತೆ ಎಳೆದಳು, ಅವನು ಮತ್ತೆ ಸಡಿಲಿಸಿದ. ಕೂತವರು ಕೆಮ್ಮಿದರು. ಯಾರೋ ಆಕಳಿಸಿದರು. ಯಾರೋ "ಇನ್ನೂ ಆಗ್ಲಿಲ್ಲೇನು?" ಎಂದು ಗೊಣಗಿದರು.

ನಾಚಿಕೆಯಿಂದ ಇಂದುಧರನ ಕಿವಿ ಕೆಂಪಾಯಿತು.

"ಅಜ್ಜಾರ," ಎಂದ ಅವನು ಸಣ್ಣಗೆ, "ಮಂದಿ ಕಾಯಾಕತ್ತಾರ. ನಾ ಮೊದಲ ಬಂದು ಕೂಡಿಸಿ ಇಟ್ಟಿದ್ರ ಚಲೋ ಇತ್ತೇನೋ."

ಗುರುಪಾದಜ್ಜ ನಕ್ಕ.

"ಕಾಯ್ಲಿ ಬಿಡು. ಆಕಿ ನಿನ್ನ ಶ್ರುತಿಗೆ ಏರೂಮುಂದ ಯಾರಿಗೂ ಗೊತ್ತಾಗ್ಲಿಲ್ಲ. ನೀ ಇಳಿಯೂದನ್ನ ಎಲ್ಲಾರೂ ನೋಡ್ಲಿ."