ಮೌನ ಹಿಡಿದ ಗವಾಯಿ

ಶರಣೆ ಹೂವಮ್ಮ ತಾಯಿಯವರು ಕೊಡಗಲಿ ಮಠದಲ್ಲಿ ಇದ್ದಷ್ಟು ಕಾಲವೂ ಗದ್ದುಗೆಯ ಮೇಲೆ ಕುಳಿತವರಲ್ಲ. ಅವರ ದರ್ಶನ ಬೇಕಾದವರು ದಾಸೋಹದ ಅಡುಗೆಮನೆಗೇ ಹೋಗಬೇಕಿತ್ತು. ಅಂದೂ ಅವರು ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದರು.

ಮಠದ ಗವಾಯಿಗಳಾದ ಚನ್ನಮಲ್ಲಯ್ಯನವರು ಮೂರು ತಿಂಗಳಿಂದ ಮೌನವ್ರತದಲ್ಲಿದ್ದಾರೆಂದು ಊರು ತಿಳಿದಿತ್ತು. ನಿಜ ಬೇರೆಯೇ ಇತ್ತು. ಇಪ್ಪತ್ತಾರು ವರ್ಷ ಮಂಗಳಾರತಿ ಹಾಡಿದ ಆ ಕಂಚಿನ ಕಂಠ ಒಮ್ಮೆಲೇ ಒಡೆದು ಗೊಗ್ಗರಾಗಿತ್ತು. ಜ್ಯೇಷ್ಠಮಧು ಅಗಿದರು, ಮೆಣಸಿನ ಕಷಾಯ ಕುಡಿದರು, ಗುಣ ಕಾಣಲಿಲ್ಲ. ಜನ ಆಡಿಕೊಂಡಾರೆಂಬ ಅಂಜಿಕೆಗೆ ಪಾಟಿಯ ಮೇಲೆ ‘ಮೌನ’ ಎಂದು ಬರೆದು ಕೊರಳಿಗೆ ತೂಗುಹಾಕಿಕೊಂಡರು. ಪಾಪ, ಭಕ್ತರು ಅದನ್ನೇ ನಂಬಿ ಅವರ ಕಾಲಿಗೆ ಬೀಳತೊಡಗಿದರು. ಒಂದೊಂದು ನಮಸ್ಕಾರವೂ ಅವರನ್ನು ಚುಚ್ಚುತ್ತಿತ್ತು.

ತಾಯಿಯವರ ಕೈಯ ವಿಭೂತಿ ಸಿಕ್ಕರೆ ದನಿ ಮರಳೀತೆಂದು ಅವರು ಅಡುಗೆಮನೆಯ ನಾಲ್ಕು ಮೆಟ್ಟಿಲು ಹತ್ತಿ ಬಂದರು. ಅಷ್ಟರಲ್ಲೇ ಎರಡು ಸಲ ನಿಂತು ಏದುಸಿರು ಬಿಟ್ಟರು. ತಾಯಿಯವರು ಮೊರ ಕೆಳಗಿಟ್ಟರು.

“ಮೌನ ನೀ ಹಿಡದಿಯೋ, ಮೌನ ನಿನ್ನ ಹಿಡದೈತೋ?”

ಚನ್ನಮಲ್ಲಯ್ಯನವರು ಗಳಗಳನೆ ಅತ್ತುಬಿಟ್ಟರು. “ದನಿ ಹೋಗೇತ್ರಿ ಅವ್ವಾರ. ಮಂದಿಗಿ ಸುಳ್ಳ ಹೇಳೇನಿ,” ಎಂದರು. ಬಾಯಿಂದ ಬಂದದ್ದು ಬರೀ ಗಾಳಿ.

ತಾಯಿಯವರು ವಿಭೂತಿ ಕೊಟ್ಟರು. “ಇದು ಹಣಿಗೆ. ಎದಿ ಮಾತ್ರ ಡಾಕ್ಟರಿಗೆ ತೋರಸು. ಇವತ್ತೇ ಹೋಗು.”

ಕೇಳಿದ್ದು ಕಂಠ, ತೋರಿಸೆಂದದ್ದು ಎದೆ. ಗವಾಯಿಗಳಿಗೆ ಬಗೆಹರಿಯಲಿಲ್ಲ, ಆದರೂ ಮಾತು ಮೀರಲಿಲ್ಲ. ಪಟ್ಟಣದ ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿ, ಎದೆಗಿಳಿದು ಮತ್ತೆ ಕಂಠಕ್ಕೇರುವ ದನಿಯ ನರವನ್ನು ಒತ್ತಿತ್ತು. ಇನ್ನೂ ತಡಮಾಡಿದ್ದರೆ ಅದು ಒಡೆದು ಜೀವಕ್ಕೇ ಮುಳುವಾಗುತ್ತಿತ್ತು ಎಂದರು. ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಅರ್ಧವೇ ಮರಳಿತು.

ಮಠಕ್ಕೆ ಬಂದ ದಿನ ಭಕ್ತರು ಮತ್ತೆ ಕಾಲಿಗೆರಗಿದರು. ಅವರು ಹಿಂದೆ ಸರಿದು ಆ ಒಡಕು ದನಿಯಲ್ಲೇ, “ನಾ ಮೌನಿ ಅಲ್ರೀ. ದನಿ ಹೋಗಿತ್ತು, ನಾಚಿಕಿಗೆ ಸುಳ್ಳ ಹೇಳಿದ್ದೆ,” ಎಂದರು. ಅಡುಗೆಮನೆಯಿಂದ ಹೊರಬಂದ ತಾಯಿಯವರು “ಹಾಡು” ಎಂದರು.

“ಹಾಡೋ ದನಿ ಎಲ್ಲೈತ್ರಿ ಅವ್ವಾರ?”

“ಆ ದನಿ ಇದ್ದಾಗ ಮಂದಿಗಿ ಹಾಡಿದಿ. ಇನ್ನ ಶಿವಗ ಹಾಡು.”

ಚನ್ನಮಲ್ಲಯ್ಯನವರು ಕಣ್ಣು ಮುಚ್ಚಿ ಮಂಗಳಾರತಿ ಎತ್ತಿಕೊಂಡರು. ದನಿ ಎರಡು ಕಡೆ ಒಡೆಯಿತು, ಒಂದು ಕಡೆ ನಿಂತೇ ಹೋಯಿತು. ಅವರು ನಾಚಲಿಲ್ಲ, ಉಸಿರು ತೆಗೆದುಕೊಂಡು ಮುಂದಿನ ನುಡಿ ಹಾಡಿದರು.