ಎಲೆಯ ಮರೆಯ ಗೊಂಚಲು

ದ್ರಾಕ್ಷಿ ಬಳ್ಳಿಯೊಂದರ ಕಾಯಿಗಳು ಇನ್ನೂ ಮೆಣಸಿನ ಕಾಳಿನಷ್ಟಿದ್ದವು. ಒಂದು ಬೆಳಿಗ್ಗೆ ಅದರ ಒಡೆಯ ಮಲಕಾಜಪ್ಪ ಪ್ಲಾಸ್ಟಿಕ್ ಮಗ್ಗಿನಲ್ಲಿ ಕಾಯಿ ಹಿಗ್ಗಿಸುವ ಔಷಧಿ ತಂದು, ಗೊಂಚಲುಗಳನ್ನು ಒಂದೊಂದಾಗಿ ಅದರಲ್ಲಿ ಅದ್ದತೊಡಗಿದ.

ಬಳ್ಳಿ ಮಗ್ಗಿನ ಮೇಲೆ ಹರಿಹಾಯ್ದಿತು. “ನನ್ನನ್ನು ಒಂದು ಮಾತು ಕೇಳದೆ ನನ್ನ ಮಕ್ಕಳನ್ನು ಮುಳುಗಿಸಲು ನೀನು ಯಾರು?”

“ದಪ್ಪಗಾಗಲಿ ಎಂದು ಮುಳುಗಿಸುತ್ತಿದ್ದೇನೆ,” ಎಂದಿತು ಮಗ್ಗು. “ಸಣ್ಣ ಹಣ್ಣನ್ನು ಯಾರೂ ಮೂಸಿಯೂ ನೋಡುವುದಿಲ್ಲ.”

“ನನ್ನ ಎಲೆಗಳು ಬಿಸಿಲಲ್ಲಿ ಬೆಂದು ಮಾಡುವ ಸಕ್ಕರೆ ಇಷ್ಟೇ. ನೀನು ಮನಬಂದಂತೆ ಊದಿಸಿದರೆ ಉಳಿದ ಜಾಗಕ್ಕೆ ನಾನೇನು ತುಂಬಲಿ? ನೀರೇ?”

“ನೀರನ್ನೇ ತುಂಬು. ತೂಕಕ್ಕೆ ಅದೂ ಬರುತ್ತದೆ.”

ಬಳ್ಳಿ ಒಳಗೊಳಗೇ ಕುದಿಯುತ್ತ, ಒಂದೇ ಒಂದು ಗೊಂಚಲನ್ನು ಎಲೆಗಳ ಮರೆಗೆ ಎಳೆದುಕೊಂಡಿತು.

ಕೊಯ್ಲಿನ ಹೊತ್ತಿಗೆ ಅದ್ದಿದ ಹಣ್ಣುಗಳು ಗೋಲಿಗಳಂತೆ ಮಿನುಗಿದವು. ಬೇಲಿಗೂಟಕ್ಕೆ ನೇತುಬಿದ್ದಿದ್ದ ಮಗ್ಗು ಬೀಗಿತು: “ನೋಡು, ನಿನ್ನ ಕೈಲಾಗದ್ದು ನನ್ನಿಂದಾಯಿತು.”

ಅಷ್ಟರಲ್ಲಿ ಎಲೆ ಸರಿಸಿದ ಮಲಕಾಜಪ್ಪನಿಗೆ ಬಚ್ಚಿಟ್ಟ ಗೊಂಚಲು ಸಿಕ್ಕಿತು. ಅದರದೊಂದು ಪುಟ್ಟ ಹಣ್ಣನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಆಮೇಲೆ ಹೆಂಡತಿಯನ್ನು ಕೂಗಿದ: “ನೀಲವ್ವಾ, ಇದನ್ನ ಮನೀಗೆ ತಗದಿಡು, ನಮ್ಮ ಹುಡುಗರು ತಿನ್ಲಿ. ಆ ದಪ್ಪನ್ನವೆಲ್ಲ ಪ್ಯಾಟಿಗೆ ಹೋಗ್ಲಿ.”

ಬಳ್ಳಿಯ ಸಿಟ್ಟು ಮಗ್ಗನ್ನು ಬಿಟ್ಟು ಒಡೆಯನ ಮೇಲೆ ತಿರುಗಿತು. ತೋಟವೆಲ್ಲ ಕೇಳುವಂತೆ ಅದು ಚೀರಿತು:

“ಹಾಗಾದರೆ ಎಲ್ಲ ಗೊತ್ತಿದ್ದೇ ಅದ್ದಿದೆಯಾ, ಮಲಕಾಜಪ್ಪಾ? ಪೇಟೆಯಲ್ಲಿ ಮಕ್ಕಳಿಲ್ಲವೇನು?”